ಮಲೆನಾಡಿನ ಮನೆಗೆ ಇ-ರೀಡರ್: ಕಿಂಡಲ್, ಕೋಬೋ, ಬೂಕ್ಸ್ ಇವುಗಳಲ್ಲಿ ಕನ್ನಡ ಓದೋಕೆ ಯಾವುದು?

ತೋಟದಮನೆ, ಕೊಟ್ಟಿಗೆಹಾರ

ಎಲ್ಲರಿಗೂ ನಮಸ್ಕಾರ. ಮನೆಗೆ ಒಂದು ಇ-ರೀಡರ್, ಅಂದರೆ ಪುಸ್ತಕ ಓದೋಕೆಂದೇ ಮಾಡಿದ ಸಾಧನ, ತರಬೇಕು ಅಂತಿದ್ದೇವೆ. ನಾನೂ ಓದುತ್ತೇನೆ, ನಮ್ಮ ಮಾವನವರೂ ಓದುತ್ತಾರೆ. ಮುಕ್ಕಾಲು ಪಾಲು ಕನ್ನಡ, ಉಳಿದದ್ದು ಇಂಗ್ಲಿಷ್. ಮಾವನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಅಕ್ಷರ ದೊಡ್ಡದು ಮಾಡಿಕೊಳ್ಳೋಕೆ ಬರಲೇಬೇಕು. ಮನೆಯಲ್ಲಿ ಪುಸ್ತಕಕ್ಕೆ ಬರ ಇಲ್ಲ, ಆದರೆ ಮಳೆಗಾಲ ಬಂತು ಅಂದರೆ ಕಪಾಟಿನ ಒಳಗೂ ಬೂಷ್ಟು ಹಿಡಿಯುತ್ತದೆ, ಅಟ್ಟದ ಮೇಲಿಟ್ಟದ್ದಕ್ಕೆ ಗೆದ್ದಲು.

ನೆಟ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರೂ ಹೇಳೋಕಾಗಲ್ಲ. ಆಮೇಲೆ ಟವರೂ ಸುಮ್ಮನಾಗುತ್ತದೆ. ಸಿಗ್ನಲ್ ಇದ್ದ ದಿನವೂ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಪುಸ್ತಕ ಹಾಕಿಸಿಕೊಳ್ಳೋಕೆ ಸದಾ ನೆಟ್ ಬೇಕು ಅನ್ನುವ ಸಾಧನ ನಮಗೆ ಆಗಿಬರಲ್ಲ.

ನೋಡಿಟ್ಟಿರುವುದು ಮೂರು: ಕಿಂಡಲ್ ಪೇಪರ್‌ವೈಟ್, ಕೋಬೋ ಕ್ಲಾರಾ ಬಿಡಬ್ಲ್ಯು, ಬೂಕ್ಸ್ ಗೋ 6. ಬಳಸಿ ಗೊತ್ತಿರುವವರು ಹೇಳಿ.

ಹಾಸನದ ಮೇಷ್ಟ್ರು

ನಮಸ್ಕಾರ ಅಮ್ಮ. ಪರದೆ ನೋಡಿ ಆರಿಸಬೇಡಿ, ಅದೊಂದು ಮೊದಲು ಹೇಳುತ್ತೇನೆ. ನೀವು ಹೇಳಿದ ಮೂರರಲ್ಲೂ ಇ-ಇಂಕ್ ಪರದೆ, ಮೂರೂ ಇಂಚಿಗೆ 300 ಚುಕ್ಕೆ. ಬಿಸಿಲಲ್ಲಿ ಕೂತರೂ ಮೂರೂ ಚೆನ್ನಾಗಿ ಕಾಣುತ್ತವೆ. ಕಪ್ಪು ಬಿಳಿ ಕಣಗಳು ವಿದ್ಯುತ್ತಿನಿಂದ ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಪುಟ ಹಾಗೇ ನಿಂತಿರೋಕೆ ಕರೆಂಟೇ ಬೇಡ, ಪುಟ ತಿರುಗಿಸುವಾಗ ಮಾತ್ರ ಬೇಕು. ಕರೆಂಟ್ ಹೋಗುವ ಊರಿಗೆ ಇದು ತುಂಬಾ ದೊಡ್ಡ ವಿಷಯ.

ನೋಡಬೇಕಾದ್ದು ಕನ್ನಡ ಪುಸ್ತಕ ಅದರೊಳಗೆ ಹೇಗೆ ಹೋಗುತ್ತದೆ ಅನ್ನುವುದನ್ನ. ಎಲ್ಲಾ ಕಡೆ ಹೋಲಿಕೆ ಬರೆಯುವವರು ಇಂಗ್ಲಿಷ್ ಓದುವವರು, ಅವರಿಗೆ ಅಂಗಡಿಯಲ್ಲಿ ಒತ್ತಿದರೆ ಪುಸ್ತಕ ಬರುತ್ತದೆ. ನಮಗೆ ಹಾಗಿಲ್ಲ. ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಈಗಲೂ ಕನ್ನಡದ ಹೆಚ್ಚಿನ ಇ-ಪುಸ್ತಕಗಳು ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ಕಡೆ ಸಿಗುತ್ತವೆ, ಅವು ಫೋನಿನ ಆ್ಯಪ್‌ಗಳು. ಅಂದರೆ ಕೊಂಡ ಪುಸ್ತಕವನ್ನು ಕಿಂಡಲ್‌ಗೋ ಕೋಬೋಗೋ ಎತ್ತಿ ಹಾಕೋಕೆ ಸುಲಭದಲ್ಲಿ ಆಗಲ್ಲ.

ನನ್ನ ಹತ್ತಿರ ಪೇಪರ್‌ವೈಟ್ ಇದೆ. ಇಂಗ್ಲಿಷ್‌ಗೆ ಅದರಷ್ಟು ನೆಮ್ಮದಿ ಬೇರೆ ಇಲ್ಲ. ಕನ್ನಡದ ಇಪಬ್ (ಇ-ಪುಸ್ತಕದ ಸಾಮಾನ್ಯ ಫಾರ್ಮ್ಯಾಟ್) ಫೈಲ್ ಇದ್ದರೆ ಅಮೆಜಾನಿನ ಸೆಂಡ್ ಟು ಕಿಂಡಲ್ ಸೇವೆಯ ಮೂಲಕ ಕಳಿಸುತ್ತೇನೆ, 2022ರಿಂದ ಇಪಬ್ ತಗೊಳ್ಳುತ್ತದೆ. ವೆಬ್‌ಸೈಟಿನಿಂದ ಕಳಿಸಿದರೆ 200 ಎಂಬಿವರೆಗೆ, ಇಮೇಲ್‌ನಲ್ಲಾದರೆ 50 ಎಂಬಿ. ಆದರೆ ಇದಕ್ಕೆ ನೆಟ್ ಬೇಕು, ಫೈಲ್ ಮೊದಲು ಅವರ ಸರ್ವರ್‌ಗೆ ಹೋಗಿ ಆಮೇಲೆ ನಿಮ್ಮ ಕೈಗೆ ಬರುತ್ತದೆ. ಅಂಗಡಿಯಲ್ಲಿ ಕೊಂಡ ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಕೇಬಲ್‌ನಲ್ಲಿ ಹಾಕುವ ಸೌಲಭ್ಯವನ್ನು 2025ರ ಫೆಬ್ರವರಿಯಲ್ಲಿ ತೆಗೆದುಬಿಟ್ಟರು. ನಿಮ್ಮ ಸ್ವಂತ ಫೈಲನ್ನು ಕೇಬಲ್‌ನಲ್ಲಿ ಹಾಕಬಹುದು, ಆದರೆ ಇಪಬ್ ಆಗಿದ್ದರೆ ಮೊದಲು ಕಂಪ್ಯೂಟರಿನಲ್ಲಿ ಕ್ಯಾಲಿಬರ್ ಅನ್ನುವ ಇ-ಪುಸ್ತಕದ ತಂತ್ರಾಂಶದಲ್ಲಿ ಅದರ ಫಾರ್ಮ್ಯಾಟ್ ಬದಲಾಯಿಸಬೇಕು.

ಘಾಟಿ ರೈಲು, ಸಕಲೇಶಪುರ

ನನ್ನದು ಕೋಬೋ ಕ್ಲಾರಾ ಬಿಡಬ್ಲ್ಯು. ನೆಂಟರೊಬ್ಬರು ಹೊರದೇಶದಿಂದ ಬರುವಾಗ ತಂದುಕೊಟ್ಟರು. ಕೆಲಸದ ಮೇಲೆ ಮಂಗಳೂರು ಕಡೆ ಓಡಾಟ ಜಾಸ್ತಿ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗ, ಫೋನ್ ಕೈಯಲ್ಲಿದ್ದರೂ ಅಷ್ಟಕ್ಕಷ್ಟೇ. ಅಲ್ಲಿ ಕೂತು ಓದೋಕೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಸುರಂಗದೊಳಗೆ ಬೋಗಿಯ ದೀಪ ಇಲ್ಲದಿದ್ದರೂ ಪರದೆಯ ಬೆಳಕು ಇರುತ್ತದೆ. ತೂಕ 174 ಗ್ರಾಂ. ಪೇಪರ್‌ವೈಟ್ ಹೊಸದು 211 ಗ್ರಾಂ, ಅದರ ಪರದೆ 7 ಇಂಚು, ಇದರದ್ದು 6.

ಸಂಪರ್ಕದ ಲೆಕ್ಕಕ್ಕೆ ಬರೋಣ. ಕೇಬಲ್ ಹಾಕಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ಇಪಬ್ ಕಾಪಿ ಮಾಡಿ ತೆಗೆದರೆ ಮುಗೀತು. ನೆಟ್ ಬೇಡ, ಫೈಲ್ ಬದಲಾಯಿಸೋದು ಬೇಡ. ಇದರಲ್ಲೇ ಫಾಂಟ್ಸ್ ಅನ್ನುವ ಫೋಲ್ಡರ್ ಮಾಡಿ ನಿಮಗೆ ಬೇಕಾದ ಕನ್ನಡ ಫಾಂಟ್ ಹಾಕಿಕೊಳ್ಳಬಹುದು.

ಕನ್ನಡಕ್ಕೆ ಇನ್ನೊಂದು ಕೆಲಸ ಮಾಡಿದ್ದೇನೆ. ಕೆಓರೀಡರ್ ಅಂತ ಪುಸ್ತಕ ತೆರೆದು ಓದುವ ಒಂದು ಉಚಿತ ತಂತ್ರಾಂಶ ಇದೆ. ಕೋಬೋದಲ್ಲಿ ಅದನ್ನು ಹಾಕೋಕೆ ಬೀಗ ಒಡೆಯುವ ಕೆಲಸವೇನೂ ಇಲ್ಲ. ಕಿಂಡಲ್‌ನಲ್ಲಾದರೆ ಜೈಲ್‌ಬ್ರೇಕ್ ಮಾಡಬೇಕು, ಅದು ಎಲ್ಲಾ ಆವೃತ್ತಿಗೂ ಆಗಲ್ಲ. ಕೆಓರೀಡರ್ ಅಕ್ಷರ ಜೋಡಿಸೋಕೆ ಹಾರ್ಫ್‌ಬಜ್ ಅನ್ನುವ ಜೋಡಣೆಯ ತಂತ್ರಾಂಶ ಬಳಸುತ್ತದೆ. ಹಾಗಾಗಿ ಒತ್ತಕ್ಷರ ತನ್ನ ಜಾಗದಲ್ಲೇ ಕೂರುತ್ತದೆ. ಜೋಡಣೆ ಬಾರದ ಹಳೆಯ ತಂತ್ರಾಂಶಗಳಲ್ಲಿ 'ಅಕ್ಕ' ಅಂತ ಇರಬೇಕಾದ್ದು 'ಅಕ್‌ಕ' ಅಂತ ಒಡೆದುಹೋಗುತ್ತದೆ. ಹಾಗೆ ನಾಲ್ಕು ಪುಟ ಓದಿದರೆ ತಲೆನೋವು ಬರುತ್ತದೆ.

ಫಾಂಟ್ ಬಗ್ಗೆಯೂ ಒಂದು ಮಾತು. ನೋಟೋ ಸೆರಿಫ್ ಕನ್ನಡ ಹಾಕಿ, ದಪ್ಪ ಸ್ವಲ್ಪ ಏರಿಸಿ, ಸಾಲಿನ ಅಂತರ ಇಂಗ್ಲಿಷ್‌ಗಿಂತ ಜಾಸ್ತಿ ಇಡಿ. ನಮ್ಮ ಒತ್ತು ಸಾಲಿನ ಕೆಳಗೆ ಇಳಿಯುತ್ತದಲ್ವಾ, ಅಂತರ ಕಮ್ಮಿ ಇದ್ದರೆ 'ಸ್ತ್ರೀ', 'ರಾಷ್ಟ್ರ' ಇಂಥ ಕಡೆ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ವಯಸ್ಸಾದವರು ಓದುವುದಾದರೆ ಅಕ್ಷರದ ಗಾತ್ರಕ್ಕಿಂತ ಈ ಅಂತರ ಸರಿ ಮಾಡಿದ್ದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತೋಟದಮನೆ, ಕೊಟ್ಟಿಗೆಹಾರ

ಮೇಷ್ಟ್ರೇ, ಘಾಟಿ ರೈಲು ಅವರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಸಂತೋಷ. ಒಂದು ಸಮಸ್ಯೆ ಇದೆ. ಮಾವನವರ ಹತ್ತಿರ ಸ್ನೇಹಿತರು ಕೊಟ್ಟ ಫೈಲ್‌ಗಳು ಬಹಳ ಇವೆ. ಊರಿನ ಇತಿಹಾಸ, ಕೃಷಿ ಬರಹ, ಅವರೇ ಟೈಪ್ ಮಾಡಿಸಿದ ಲೇಖನಗಳು. ಫೋನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಲಸಿಕೊಂಡು ಕಾಣುತ್ತವೆ. ಇ-ರೀಡರ್‌ನಲ್ಲೂ ಹೀಗೇ ಬರುತ್ತದಾ? ಇನ್ನು ಕೆಲವು ಹಳೆಯ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್.

ಬೇಲೂರಿನ ಅಕ್ಕ

ತಂಗಿ, ಅವು ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರದಲ್ಲಿ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ರೂಪ ಕೊಟ್ಟದ್ದು) ಟೈಪ್ ಮಾಡಿದ ಫೈಲ್‌ಗಳು. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತವೆ. ಯಾವ ಇ-ರೀಡರ್‌ಗೆ ಹಾಕಿದರೂ ಹೀಗೇ ಬರುತ್ತದೆ, ಅದು ಸಾಧನದ ತಪ್ಪಲ್ಲ. ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲಾ ಸಾಧನಕ್ಕೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಬದಲಾಯಿಸಿ. ಅದಕ್ಕೆ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲೇ ಇವೆ, ನುಡಿಯ ಜೊತೆಗೂ ಬರುತ್ತದೆ. ಬದಲಾಯಿಸಿದ ಮೇಲೆ ಒಂದು ಸಲ ಕಣ್ಣಾಡಿಸಿ, ಅರ್ಕಾವತ್ತು ಇರುವ ಪದಗಳಲ್ಲಿ ಅಲ್ಲಲ್ಲಿ ತಪ್ಪು ಉಳಿದಿರುತ್ತದೆ. ಆಮೇಲೆ ಕ್ಯಾಲಿಬರ್‌ಗೆ ಕೊಟ್ಟು ಇಪಬ್ ಮಾಡಿಕೊಳ್ಳಿ. ಇದೊಂದು ಮಾಡಿಟ್ಟರೆ ಮುಂದೆ ಯಾವ ಸಾಧನ ತಂದರೂ ಆ ಬರಹ ಓದೋಕೆ ಬರುತ್ತದೆ. ಊರಿನ ಇತಿಹಾಸ ಅಂತ ಹೇಳಿದಿರಲ್ಲ, ಅದು ಬೇರೆ ಕಡೆ ಸಿಗುವ ಸರಕಲ್ಲ. ದಯವಿಟ್ಟು ಈ ಕೆಲಸ ಮುಂದೂಡಬೇಡಿ.

ಕನ್ನಡ ವಿಕಿಸೋರ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಕೃತಿಗಳು ಯೂನಿಕೋಡ್‌ನಲ್ಲೇ ಇವೆ, ಅಲ್ಲಿಂದ ನೇರವಾಗಿ ಇಪಬ್ ಇಳಿಸಿಕೊಳ್ಳಬಹುದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಹಕ್ಕು ಮುಗಿಯುತ್ತದೆ. ನೆಟ್ ಇರುವ ದಿನ ಒಂದಿಷ್ಟು ಇಳಿಸಿ ಇಟ್ಟುಕೊಂಡರೆ ಮಳೆಗಾಲ ಪೂರ್ತಿ ಆಗುತ್ತದೆ. ಇಪಬ್ ಫೈಲ್ ತುಂಬಾ ಚಿಕ್ಕದು, 16 ಜಿಬಿ ತುಂಬಿಸೋಕೆ ಸಾವಿರಗಟ್ಟಲೆ ಪುಸ್ತಕ ಬೇಕು.

ಸ್ಕ್ಯಾನ್ ಪಿಡಿಎಫ್ ಮಾತ್ರ ಬೇರೆ ಕಥೆ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳೆಲ್ಲಾ ಹೆಚ್ಚುಕಮ್ಮಿ ಇವೇ. ಅದು ಪುಟದ ಫೋಟೋ, ಅಕ್ಷರ ದೊಡ್ಡದು ಮಾಡೋಕೆ ಬರಲ್ಲ. 6 ಇಂಚಿನಲ್ಲಿ ಪುಟವಿಡೀ ಹಾಕಿದರೆ ನಿಮ್ಮ ಮಾವನವರಿಗೆ ಖಂಡಿತ ಕಾಣಲ್ಲ. ಒಂದೋ 10 ಇಂಚಿನ ದೊಡ್ಡ ಸಾಧನ ತಗೋಬೇಕು, ಅದರ ಬೆಲೆ ಬಹಳ. ಇಲ್ಲ, ಅಡ್ಡ ತಿರುಗಿಸಿ ಅರ್ಧರ್ಧ ಪುಟ ಓದಬೇಕು. ಕೆಓರೀಡರ್‌ನಲ್ಲಿ ಅಂಚು ಕತ್ತರಿಸುವ, ಸಾಲುಗಳನ್ನು ಬಿಡಿಸಿ ಹೊಸದಾಗಿ ಜೋಡಿಸುವ ಅನುಕೂಲ ಇದೆ. ಇಂಗ್ಲಿಷ್ ಸ್ಕ್ಯಾನ್‌ಗೆ ಚೆನ್ನಾಗಿ ಆಗುತ್ತದೆ. ಕನ್ನಡದಲ್ಲಿ ಒತ್ತನ್ನು ಬೇರೆ ಸಾಲು ಅಂದುಕೊಂಡು ಕೆಲವೊಮ್ಮೆ ಕತ್ತರಿಸುತ್ತದೆ. ನಾನು ಅಂಚು ಕತ್ತರಿಸಿ ಅಡ್ಡ ಇಟ್ಟುಕೊಂಡೇ ಓದುತ್ತೇನೆ.

ಭದ್ರಾ ದಂಡೆ, ಬಾಳೆಹೊನ್ನೂರು

ಎಲ್ಲರೂ ಫೈಲ್ ಫೈಲ್ ಅಂತಿದ್ದೀರಿ ಮಾರಾಯ್ರೆ, ಹೊಸ ಕನ್ನಡ ಪುಸ್ತಕ ದುಡ್ಡು ಕೊಟ್ಟು ಓದುವವರ ಗತಿ ಏನು? ನನಗೆ ಅದೇ ಮುಖ್ಯ. ಲೇಖಕರಿಗೆ, ಪ್ರಕಾಶಕರಿಗೆ ನಾಲ್ಕು ಕಾಸು ಹೋಗಬೇಕು. ಅದಕ್ಕೇ ನಾನು ಬೂಕ್ಸ್ ತಗೊಂಡದ್ದು. ಒಳಗೆ ಆಂಡ್ರಾಯ್ಡ್, ಪ್ಲೇ ಸ್ಟೋರ್ ಬರುತ್ತದೆ. ಮೈಲ್ಯಾಂಗ್ ಹಾಕಿಕೊಂಡೆ, ಪ್ಲೇ ಬುಕ್ಸ್ ಹಾಕಿಕೊಂಡೆ, ರಾಜ್ಯದ ಇ-ಸಾರ್ವಜನಿಕ ಗ್ರಂಥಾಲಯದ ಆ್ಯಪ್ ಕೂಡ. ಕಿಂಡಲ್ ಆ್ಯಪನ್ನೂ ಹಾಕಬಹುದು. ಅಂದರೆ ನಾಲ್ಕು ಅಂಗಡಿಯ ಪುಸ್ತಕ ಒಂದೇ ಪರದೆಯಲ್ಲಿ, ಅದೂ ಕಣ್ಣಿಗೆ ಚುಚ್ಚದ ಪರದೆಯಲ್ಲಿ. ಕೋಬೋದ ಜಾಹೀರಾತಿನಲ್ಲಿ ಓವರ್‌ಡ್ರೈವ್ (ಗ್ರಂಥಾಲಯದ ಇ-ಪುಸ್ತಕ ಎರವಲು ಪಡೆಯುವ ಸೇವೆ) ಅಂತ ದೊಡ್ಡದಾಗಿ ಹಾಕಿರುತ್ತಾರೆ, ಚಿಕ್ಕಮಗಳೂರಿನಲ್ಲಿ ಕೂತವರಿಗೆ ಅದರಿಂದ ಏನೂ ಬರಲ್ಲ.

ಗೋ 6 ರಲ್ಲಿ 32 ಜಿಬಿ, ಮೇಲೆ ಮೆಮೊರಿ ಕಾರ್ಡ್ ಹಾಕುವ ಜಾಗ. ಬ್ಲೂಟೂತ್ ಇದೆ, ಕಣ್ಣು ದಣಿದರೆ ಇಯರ್‌ಫೋನ್ ಹಾಕಿ ಕನ್ನಡ ಆಡಿಯೋ ಪುಸ್ತಕ ಕೇಳಬಹುದು. ಮಾವನವರಿಗೆ ಇದು ಇಷ್ಟ ಆಗಬಹುದು. ಆ್ಯಪ್‌ನಲ್ಲಿ ಕೊಂಡ ಪುಸ್ತಕವನ್ನು ನೆಟ್ ಇದ್ದಾಗ ಡೌನ್‌ಲೋಡ್ ಒತ್ತಿ ಇಟ್ಟುಕೊಂಡರೆ ಆಮೇಲೆ ನೆಟ್ ಬೇಡ.

ಹಾಸನದ ಮೇಷ್ಟ್ರು

ಭದ್ರಾ ದಂಡೆ ಅವರ ಮಾತು ಒಪ್ಪುತ್ತೇನೆ, ಕೊಂಡು ಓದಬೇಕು. ಆದರೂ ಮನೆಯ ಹಿರಿಯರ ಕೈಗೆ ಆಂಡ್ರಾಯ್ಡ್ ಇ-ರೀಡರ್ ಕೊಡುವ ಮೊದಲು ಯೋಚನೆ ಮಾಡಿ ಅಂತೀನಿ. ಆ್ಯಪ್ ನವೀಕರಣ ಕೇಳುತ್ತದೆ, ಪಾಸ್‌ವರ್ಡ್ ಮತ್ತೆ ಕೇಳುತ್ತದೆ, ನೆಟ್ ಇಲ್ಲದ ಹೊತ್ತಲ್ಲೇ ಕೇಳಿದರೆ ಓದು ಅಲ್ಲಿಗೇ ನಿಂತಿತು. ಫೋನಿಗಾಗಿ ಮಾಡಿದ ಆ್ಯಪ್‌ಗಳು ಇ-ಇಂಕ್‌ನಲ್ಲಿ ಜಾರುವಾಗ ಹಿಂದಿನ ಪುಟದ ನೆರಳು ಉಳಿಯುತ್ತದೆ. ಬ್ಯಾಟರಿ ಕೂಡ ಕಿಂಡಲ್, ಕೋಬೋದಷ್ಟು ಬರಲ್ಲ, ಯಾಕಂದರೆ ಒಳಗೆ ಫೋನಿನಂಥದ್ದೇ ವ್ಯವಸ್ಥೆ ಓಡುತ್ತಿರುತ್ತದೆ.

ಅಂದಹಾಗೆ ಬ್ಯಾಟರಿಯ ಜಾಹೀರಾತು ಓದುವಾಗ ಕೆಳಗಿನ ಸಣ್ಣ ಅಕ್ಷರ ನೋಡಿ. ಪೇಪರ್‌ವೈಟ್‌ಗೆ 12 ವಾರ ಅನ್ನುತ್ತಾರೆ, ಅದು ದಿನಕ್ಕೆ ಅರ್ಧ ಗಂಟೆ ಓದಿ, ವೈಫೈ ಆರಿಸಿ, ಬೆಳಕು ಕಮ್ಮಿ ಇಟ್ಟ ಲೆಕ್ಕ. ಮಳೆಗಾಲದಲ್ಲಿ ಮನೆಯಲ್ಲೇ ಕೂತವರು ದಿನಕ್ಕೆ ನಾಲ್ಕು ಗಂಟೆ ಓದಿದರೆ ಎಷ್ಟು ಬರುತ್ತದೆ ಅಂತ ನೀವೇ ಭಾಗಿಸಿ ನೋಡಿ. ಹಾಗಾದರೂ ಒಂದು ವಾರ ಕರೆಂಟ್ ಇಲ್ಲದಿದ್ದರೂ ತಡೆಯುತ್ತದೆ. ಏರೋಪ್ಲೇನ್ ಮೋಡ್ ಸದಾ ಹಾಕಿಡಿ, ಪುಸ್ತಕ ತರಿಸುವಾಗ ಮಾತ್ರ ತೆಗೆಯಿರಿ. ಸಿಗ್ನಲ್ ಹುಡುಕುತ್ತಾ ಕೂರುವುದೇ ಬ್ಯಾಟರಿ ತಿನ್ನುವ ಕೆಲಸ.

ಹೇಮಾವತಿ ಹುಡುಗ, ಹಾಸನ

ಸಾರ್, ನೆಟ್ ಬಗ್ಗೆ ಒಂದೆರಡು ಸೇರಿಸುತ್ತೇನೆ. ಯಾರಾದರೂ ಹಳೆಯ ಕಿಂಡಲ್ ಕಮ್ಮಿ ಬೆಲೆಗೆ ಕೊಡುತ್ತೇನೆ ಅಂದರೆ ವೈಫೈ ವಿಚಾರಿಸಿ. 2018ರ ಪೇಪರ್‌ವೈಟ್, 2019ರ ಮಾಮೂಲಿ ಕಿಂಡಲ್ ಇವೆಲ್ಲ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ಈಗಿನ ಫೋನ್‌ಗಳ ಹಾಟ್‌ಸ್ಪಾಟ್ ಎಷ್ಟೋ ಸಲ 5 ಗಿಗಾಹರ್ಟ್ಸ್‌ನಲ್ಲಿರುತ್ತದೆ, ಆಗ ಕಿಂಡಲ್‌ನ ಪಟ್ಟಿಯಲ್ಲಿ ಅದರ ಹೆಸರೇ ಕಾಣಲ್ಲ. ಜನ ಸಾಧನ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ಗೆ ಹೋಗಿ 2.4ಕ್ಕೆ ಬದಲಾಯಿಸಿ, ಆಗ ಕಾಣುತ್ತದೆ.

ಹಳೆಯ 3ಜಿ ಕಿಂಡಲ್‌ಗೆ ಮರುಳಾಗಬೇಡಿ. 2007ರ ಮೊದಲ ಕಿಂಡಲ್‌ನಲ್ಲಿ ವೈಫೈ ಇರಲೇ ಇಲ್ಲ, ಮೊಬೈಲ್ ಜಾಲದಲ್ಲೇ ಪುಸ್ತಕ ಬರುತ್ತಿತ್ತು, ಅದಕ್ಕೆ ಬೇರೆ ದುಡ್ಡಿಲ್ಲ. ಆಗ ಅದು ದೊಡ್ಡ ಆಕರ್ಷಣೆ. ಈಗ ಜಗತ್ತಿನ ಬೇಕಾದಷ್ಟು ಕಡೆ 3ಜಿ ಮುಚ್ಚಿದ್ದಾರೆ, ಆ ಸೌಲಭ್ಯ ನಂಬಿಕೊಂಡು ತಗೊಳ್ಳುವಂತಿಲ್ಲ.

ತೋಟದಮನೆ ಅಕ್ಕ, ನಿಮಗೆ ಬೇಕಾದ್ದು ನೆಟ್ ಇಲ್ಲದ ವೈಫೈ. ಲ್ಯಾಪ್‌ಟಾಪ್‌ನಲ್ಲಿ ಕ್ಯಾಲಿಬರ್ ಇರಲಿ, ಉಚಿತ ತಂತ್ರಾಂಶ. ಫೋನಿನ ಹಾಟ್‌ಸ್ಪಾಟ್ ಹಾಕಿ, ಮೊಬೈಲ್ ಡೇಟಾ ಇಲ್ಲದಿದ್ದರೂ ಪರವಾಗಿಲ್ಲ. ಲ್ಯಾಪ್‌ಟಾಪ್, ಇ-ರೀಡರ್ ಎರಡನ್ನೂ ಅದಕ್ಕೇ ಸೇರಿಸಿ. ಕೆಓರೀಡರ್‌ನಲ್ಲಿ ಕ್ಯಾಲಿಬರ್ ಸಂಪರ್ಕ ಒತ್ತಿದರೆ ಪುಸ್ತಕ ಗಾಳಿಯಲ್ಲೇ ಹೋಗುತ್ತದೆ. ಟವರ್ ಬಿದ್ದಿದ್ದರೂ ಇದು ನಡೆಯುತ್ತದೆ, ಮೂರೂ ಸಾಧನ ಒಂದೇ ಕೋಣೆಯಲ್ಲಿ ತಮ್ಮೊಳಗೆ ಮಾತಾಡಿಕೊಳ್ಳುತ್ತವೆ ಅಷ್ಟೇ.

ಕಡೂರಿನವ

ಇಷ್ಟೆಲ್ಲಾ ಯಾಕೆ, ಫೋನ್‌ನಲ್ಲೇ ಓದಬಹುದಲ್ವಾ? ಎಲ್ಲಾ ಆ್ಯಪ್ ಅದರಲ್ಲೇ ಇದೆ.

ಬೇಲೂರಿನ ಅಕ್ಕ

ಓದಬಹುದು ತಮ್ಮ, ಎಷ್ಟೋ ಜನ ಓದುತ್ತಿದ್ದಾರೆ, ಓದಲಿ. ಆದರೆ ಪೊರೆ ಆಪರೇಷನ್ ಆದವರಿಗೆ ಹೊಳೆಯುವ ಪರದೆಯಲ್ಲಿ ಗಂಟೆಗಟ್ಟಲೆ ಓದುವುದು ಹಿಂಸೆ. ಕರೆಂಟ್ ಇಲ್ಲದ ದಿನ ಫೋನಿನ ಬ್ಯಾಟರಿಯನ್ನು ಓದಿ ಖರ್ಚು ಮಾಡೋಕೂ ಆಗಲ್ಲ, ಯಾರಿಗಾದರೂ ಹುಷಾರಿಲ್ಲ ಅಂದರೆ ಫೋನ್ ಬೇಕು.

ಘಾಟಿ ರೈಲು, ಸಕಲೇಶಪುರ

ಬಣ್ಣದ ಮಾದರಿ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕೋಬೋದ ಕ್ಲಾರಾ ಕಲರ್, ಲಿಬ್ರಾ ಕಲರ್ 2024ರಲ್ಲಿ ಬಂದವು. ಕಪ್ಪು ಬಿಳಿ 300 ಚುಕ್ಕೆ, ಬಣ್ಣ 150 ಮಾತ್ರ. ಬಣ್ಣದ ಪದರ ಮೇಲೆ ಕೂರುವುದರಿಂದ ಪರದೆ ಸ್ವಲ್ಪ ಮಬ್ಬು, ಬೆಳಕು ಜಾಸ್ತಿ ಇಡಬೇಕಾಗುತ್ತದೆ. ಕಥೆ, ಕಾದಂಬರಿ, ಲೇಖನ ಓದುವವರಿಗೆ ಬೇಡವೇ ಬೇಡ. ಮಕ್ಕಳ ಚಿತ್ರಪುಸ್ತಕ ಇದ್ದರೆ ಮಾತ್ರ ಯೋಚಿಸಿ.

ನೀರಿನ ವಿಷಯಕ್ಕೆ ಪೇಪರ್‌ವೈಟ್, ಕ್ಲಾರಾ ಬಿಡಬ್ಲ್ಯು ಎರಡೂ ಐಪಿಎಕ್ಸ್ 8. ಸಿಹಿನೀರಿನಲ್ಲಿ ಎರಡು ಮೀಟರ್ ಆಳ, ಒಂದು ಗಂಟೆ ತಡೆಯುತ್ತದೆ ಅನ್ನುವ ಲೆಕ್ಕ. ಮಾಮೂಲಿ ಕಿಂಡಲ್‌ಗೆ ಅದು ಇಲ್ಲ, ಹಳದಿ ಬೆಳಕೂ ಇಲ್ಲ. ಜಗುಲಿಯಲ್ಲಿ ಕೂತಾಗ ಎರಚಲು ಹೊಡೆದರೆ ಗಾಬರಿ ಬೇಡ, ಆದರೆ ಚಾರ್ಜಿಂಗ್ ಬಾಯಿ ಒಣಗುವ ತನಕ ಕೇಬಲ್ ಚುಚ್ಚಬೇಡಿ.

ಇನ್ನೊಂದು. ಅಲರ್ ಕನ್ನಡ-ಇಂಗ್ಲಿಷ್ ನಿಘಂಟಿನ ದತ್ತಾಂಶ ಮುಕ್ತವಾಗಿ ಸಿಗುತ್ತದೆ. ಅದನ್ನು ಸ್ಟಾರ್‌ಡಿಕ್ಟ್ ಅನ್ನುವ ನಿಘಂಟಿನ ಫೈಲ್ ರೂಪಕ್ಕೆ ತಂದು ಕೆಓರೀಡರ್‌ನ ನಿಘಂಟು ಫೋಲ್ಡರ್‌ಗೆ ಹಾಕಿದ್ದೇನೆ. ಹಳಗನ್ನಡದ ಕಡೆಯ ಪದ ಬಂದಾಗ ಬೆರಳಿಟ್ಟರೆ ಅರ್ಥ ಬರುತ್ತದೆ, ನೆಟ್ ಬೇಡ. 'ಅಲ್ಲಿ', 'ಅನ್ನು' ಅಂತ ಪ್ರತ್ಯಯ ಸೇರಿದ್ದರೆ ಪೂರ್ತಿ ಪದ ಹಿಡಿದು ಹುಡುಕಿ ಏನೂ ಸಿಗಲಿಲ್ಲ ಅನ್ನುತ್ತದೆ, ಆಗ ಕೊನೆಯ ಅಕ್ಷರಗಳನ್ನು ಅಳಿಸಿ ಮತ್ತೆ ಹುಡುಕಬೇಕು. ಅಷ್ಟು ಮಾಡಿದರೂ ಲಾಭವೇ.

ತೋಟದಮನೆ, ಕೊಟ್ಟಿಗೆಹಾರ

ಮಾವನವರಿಗೆ ಎಲ್ಲಾ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ, ನನ್ನ ಸ್ನೇಹಿತರ ಲೇಖನ ಇದರಲ್ಲಿ ಬರುತ್ತದಾ ಅಂತ. ಬೇಲೂರಿನ ಅಕ್ಕ ಹೇಳಿದ ಹಾಗೆ ಎರಡು ಫೈಲ್ ಯೂನಿಕೋಡ್‌ಗೆ ಬದಲಾಯಿಸಿ ಇಪಬ್ ಮಾಡಿ ಫೋನಲ್ಲಿ ತೆರೆದೆ, ಬಂತು. ಅರ್ಕಾವತ್ತು ಅಲ್ಲಲ್ಲಿ ಹೋಗಿದೆ, ಅವರೇ ಕೂತು ಗುರುತು ಹಾಕಿಕೊಡುತ್ತೇನೆ ಅಂದಿದ್ದಾರೆ.

ಹೀಗೆ ಮಾಡೋಣ ಅಂತಿದ್ದೇವೆ. ಅವರ ಓದಿಗೆ ಕೋಬೋ, ಕೆಓರೀಡರ್ ಹಾಕಿ. ಹೊಸ ಪುಸ್ತಕ ಸದ್ಯಕ್ಕೆ ನಾನು ಫೋನಲ್ಲೇ ಕೊಂಡು ಓದುತ್ತೇನೆ, ಬೂಕ್ಸ್ ಮುಂದಿನ ವರ್ಷ ಕಾಫಿ ಮಾರಿದ ಮೇಲೆ ನೋಡೋಣ. ಕೋಬೋದಲ್ಲಿ ನನಗೆ ಇರುವ ಒಂದೇ ಅಳುಕು ರಿಪೇರಿ. ಹೊರಗಿಂದ ತರಿಸಿದ್ದು ಕೆಟ್ಟರೆ ಇಲ್ಲಿ ಯಾರು ನೋಡುತ್ತಾರೆ?

ಘಾಟಿ ರೈಲು, ಸಕಲೇಶಪುರ

ಅಳುಕು ಸರಿಯಾದದ್ದೇ ಅಕ್ಕ. ಹೊರಗೆ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಕ್ಲಾರಾ ಬಿಡಬ್ಲ್ಯು ಬಿಚ್ಚಿ ರಿಪೇರಿ ಮಾಡುವ ಹಾಗೆ ಮಾಡಿದ್ದಾರೆ, ಕೋಬೋದವರು ರಿಪೇರಿ ಕಲಿಸುವ ಐಫಿಕ್ಸ್‌ಇಟ್ ಸಂಸ್ಥೆಯ ಜೊತೆ ಸೇರಿ ಬಿಚ್ಚುವ ವಿಧಾನವನ್ನೂ ಹಾಕಿದ್ದಾರೆ. ಬ್ಯಾಟರಿ ಬದಲಾಯಿಸುವುದನ್ನು ಒಳ್ಳೆಯ ಮೊಬೈಲ್ ರಿಪೇರಿಯವರು ಅದನ್ನು ನೋಡಿಕೊಂಡು ಮಾಡಬಲ್ಲರು. ಪರದೆ ಒಡೆದರೆ ಮಾತ್ರ ಕಷ್ಟ, ಯಾವ ಕಂಪನಿಯದ್ದಾದರೂ ಇ-ಇಂಕ್ ಪರದೆ ನಾಜೂಕು. ಗಟ್ಟಿ ಮುಚ್ಚಳ ಇರುವ ಕವರ್ ಮೊದಲ ದಿನವೇ ಹಾಕಿ.

ಹಾಸನದ ಮೇಷ್ಟ್ರು

ದುಡ್ಡು ಹಾಕುವ ಮೊದಲು ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ಘಾಟಿ ರೈಲು ಅವರು ಮುಂದಿನ ವಾರ ಹಾಸನಕ್ಕೆ ಬರುತ್ತೇನೆ ಅಂದಿದ್ದರು, ನನ್ನ ಪೇಪರ್‌ವೈಟ್ ಇದ್ದೇ ಇದೆ. ನಿಮ್ಮ ಮಾವನವರನ್ನೂ ಕರೆದುಕೊಂಡು ಬನ್ನಿ. ಮೂರು ಫೈಲ್ ತನ್ನಿ: ಯೂನಿಕೋಡ್‌ಗೆ ಬದಲಾಯಿಸಿದ ಒಂದು ಲೇಖನ, ವಿಕಿಸೋರ್ಸ್‌ನ ಒಂದು ಇಪಬ್, ಒಂದು ಸ್ಕ್ಯಾನ್ ಪಿಡಿಎಫ್. ಎರಡರಲ್ಲೂ ಹಾಕಿ ಅವರ ಕೈಗೆ ಕೊಡೋಣ. ಕೇಬಲ್ ನಾನು ತರುತ್ತೇನೆ.